ಪ್ರತಿ ಸಲವೂ ಮೊದಲ ಸಲವೇ?

ಬೆಂಗಳೂರಿನ ನಾಗರಬಾವಿ ಎರಡನೇ ಹಂತದ ಮೆಡಿಕಲ್ ಸ್ಟೋರುಗಳ ಮುಂದೆ ಸಂಜೆ ಹೊತ್ತು ಆಗಾಗ ಕೇಳಿಬರುವ ಮಾತೊಂದಿದೆ. ದನಿ ತಗ್ಗಿಸಿ, ಪಕ್ಕದ ಗಿರಾಕಿ ಸರಿದುಹೋಗುವುದನ್ನು ಕಾದು ಹೆಂಗಸೊಬ್ಬರು ಹೇಳುತ್ತಾರೆ: "ಒಂದಕ್ಕೆ ಹೋದ್ರೆ ಉರಿ ಅಣ್ಣಾ. ಹೋದ್ಸಲ ಕೊಟ್ಟಿದ್ರಲ್ಲ, ಅದೇ ಮಾತ್ರೆ ಕೊಡಿ." ಮೂರು ದಿನದ ಮಾತ್ರೆ, ಜೊತೆಗೊಂದು ಉರಿ ತಗ್ಗಿಸುವ ಸಿರಪ್ಪು ಕೈಗೆ ಬರುತ್ತದೆ. ಎರಡನೇ ದಿನಕ್ಕೆ ಉರಿ ಇಳಿಯುತ್ತದೆ, ಮಿಕ್ಕ ಮಾತ್ರೆ ಫ್ರಿಜ್ಜಿನ ಮೇಲೆ ಕೂರುತ್ತದೆ. ಎರಡು ತಿಂಗಳಿಗೆ ಮತ್ತೆ ಅದೇ ಅಂಗಡಿ. ಆ "ಅದೇ ಮಾತ್ರೆ"ಯ ರೂಢಿಯನ್ನು ಒರೆಗೆ ಹಚ್ಚುವ ಕಾಲ ಬಂದಿದೆ.

ಬೈಯುವ ಮುನ್ನ ಈ ರೂಢಿ ಯಾಕೆ ಬೆಳೆಯಿತೆಂದು ನೋಡಬೇಕು. ಆಸ್ಪತ್ರೆಗೆ ಹೋದರೆ ಅರ್ಧ ದಿನದ ಸಂಬಳ ಹೋಗುತ್ತದೆ. ಹೇಳಿಕೊಳ್ಳಲು ಸಂಕೋಚ. ಉರಿಯಂತೂ ಒಂದು ರಾತ್ರಿಯೂ ತಡೆಯುವಂಥದ್ದಲ್ಲ. ಆರೋಗ್ಯವಂತ ಹೆಂಗಸಿಗೆ ಅಪರೂಪಕ್ಕೊಮ್ಮೆ ಬಂದ ಮೂತ್ರದ ಸೋಂಕಿಗೆ ವೈದ್ಯರೂ ಎಷ್ಟೋ ವೇಳೆ ಲಕ್ಷಣ ಕೇಳಿಯೇ ಮಾತ್ರೆ ಬರೆಯುತ್ತಾರೆ. ಆದರೆ 6 ತಿಂಗಳಲ್ಲಿ 2 ಸಲ, ಇಲ್ಲವೇ ವರ್ಷದಲ್ಲಿ 3 ಸಲ ಬಂದರೆ ವೈದ್ಯಶಾಸ್ತ್ರ ಅದನ್ನು ಮರುಕಳಿಸುವ ಸೋಂಕೆಂದು ಬೇರೆಯಾಗಿಯೇ ಎಣಿಸುತ್ತದೆ. ಅಂಗಡಿಯ ಕಟ್ಟೆಗೆ ಮಾತ್ರ ಪ್ರತಿ ಸಲವೂ ಮೊದಲ ಸಲವೇ. ಈ ರೂಢಿಯ ದೊಡ್ಡ ದೋಷ ಈ ಮರೆವು.

ಈ ಸೋಂಕುಗಳಲ್ಲಿ ಹೆಚ್ಚಿನವು ನಮ್ಮದೇ ಕರುಳಿನ ಇ. ಕೋಲಿ ಬ್ಯಾಕ್ಟೀರಿಯಾದಿಂದ ಬರುತ್ತವೆ. ಗಂಡಸರ ಮೂತ್ರನಾಳ ಸುಮಾರು 20 ಸೆಂಟಿಮೀಟರ್ ಇದ್ದರೆ ಹೆಂಗಸರದು ಸುಮಾರು 4 ಸೆಂಟಿಮೀಟರ್ ಮಾತ್ರ. ಬ್ಯಾಕ್ಟೀರಿಯಾ ಮೂತ್ರಕೋಶ ಸೇರಲು ಅಷ್ಟು ದೂರ ಸಾಕು. ಹೋದ ಸಲ ಸತ್ತ ಬ್ಯಾಕ್ಟೀರಿಯಾ ಈ ಸಲ ಅದೇ ಮಾತ್ರೆಗೆ ಸಾಯಲೇಬೇಕೆಂದಿಲ್ಲ. ಭಾರತದಲ್ಲಿ ಸಿಪ್ರೊಫ್ಲಾಕ್ಸಸಿನ್‌ನಂಥ ಮಾತ್ರೆಗಳಿಗೆ ಇ. ಕೋಲಿ ಬಹಳ ಮಟ್ಟಿಗೆ ಬಗ್ಗುವುದನ್ನೇ ಬಿಟ್ಟಿದೆ. ಯಾವುದಕ್ಕೆ ಬಗ್ಗುತ್ತದೆಂದು ಹೇಳುವುದು ಕಲ್ಚರ್ ಪರೀಕ್ಷೆ. ಆ್ಯಂಟಿಬಯೋಟಿಕ್‌ನ ಮೊದಲ ಮಾತ್ರೆ ನುಂಗುವ ಮುನ್ನ, ಆರಂಭದ ಧಾರೆ ಬಿಟ್ಟು ನಡುವಿನ ಮೂತ್ರವನ್ನು ಲ್ಯಾಬಿನ ಶುದ್ಧ ಡಬ್ಬಿಯಲ್ಲಿ ಕೊಡಬೇಕು. ಎರಡು ಮೂರು ದಿನಕ್ಕೆ ವರದಿ ಬರುತ್ತದೆ. ಅಷ್ಟರವರೆಗೆ ಏನು ಕೊಡಬೇಕೆಂದು ವೈದ್ಯರು ನಿರ್ಧರಿಸಿ, ವರದಿ ನೋಡಿ ಬೇಕಿದ್ದರೆ ಬದಲಿಸುತ್ತಾರೆ.

ಕಾನೂನು ಸುಮ್ಮನೆ ಕೂತಿಲ್ಲ. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಶೆಡ್ಯೂಲ್ ಎಚ್1ರ ಪ್ರಕಾರ ಸೆಫಿಕ್ಸಿಮ್‌ನಂಥ ಔಷಧಿಗಳನ್ನು ಚೀಟಿಯಿಲ್ಲದೆ ಮಾರುವಂತಿಲ್ಲ. ವೈದ್ಯರ ಮತ್ತು ರೋಗಿಯ ಹೆಸರನ್ನು ಪುಸ್ತಕದಲ್ಲಿ ಬರೆದು 3 ವರ್ಷ ಇಡಬೇಕು. ಪುಸ್ತಕ ಇರುವುದು ನೆನಪಿಗಾಗಿ. ಚೀಟಿಯಿಲ್ಲದ ಮಾರಾಟ ಆ ನೆನಪನ್ನೇ ಅಳಿಸುತ್ತದೆ.

ಇನ್ನು ಮನೆಮದ್ದು. "ಮೈಗೆ ಉಷ್ಣ ಆಗಿದೆ" ಎಂದು ಬಾರ್ಲಿ ನೀರು, ಎಳನೀರು, ಜೀರಿಗೆ ಕಷಾಯ ಕೊಡುವ ನಮ್ಮ ಅಮ್ಮಂದಿರನ್ನು ತಳ್ಳಿಹಾಕಲಾರೆ. ಉಷ್ಣ ಕಾರಣವಲ್ಲ, ಬಾರ್ಲಿ ಬ್ಯಾಕ್ಟೀರಿಯಾವನ್ನು ಕೊಲ್ಲುವುದೂ ಇಲ್ಲ. ಆದರೆ ನೀರು ಕುಡಿಸುವ ಆ ಬುದ್ಧಿ ಸರಿಯಾದದ್ದು. 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪದೇಪದೇ ಸೋಂಕು ಬರುತ್ತಿದ್ದ, ಕಡಿಮೆ ನೀರು ಕುಡಿಯುತ್ತಿದ್ದ 140 ಹೆಂಗಸರಲ್ಲಿ ಅರ್ಧದಷ್ಟು ಮಂದಿ ದಿನಕ್ಕೆ ಒಂದೂವರೆ ಲೀಟರ್ ನೀರು ಹೆಚ್ಚಿಗೆ ಕುಡಿದರು. ವರ್ಷದಲ್ಲಿ ಅವರಿಗೆ ಸರಾಸರಿ 1.7 ಸಲ ಸೋಂಕು ಬಂದರೆ, ಉಳಿದವರಿಗೆ 3.2 ಸಲ ಬಂತು. ಇಷ್ಟು ಅಗ್ಗದ ತಡೆ ಇನ್ನೊಂದಿಲ್ಲ. ಹೃದಯ, ಕಿಡ್ನಿ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳಿಯೇ ನೀರು ಹೆಚ್ಚಿಸಬೇಕು.

ನನಗೆ ಸಿಟ್ಟು ಬರಿಸುವುದು "ಚೊಕ್ಕಟವಾಗಿರಬೇಕಮ್ಮ" ಎಂಬ ಉಪದೇಶ. ಮುಂದಿನಿಂದ ಹಿಂದಕ್ಕೆ ತೊಳೆಯುವುದು ಒಳ್ಳೆಯದೇ. ಆದರೆ ಪದೇಪದೇ ಸೋಂಕು ಬರುವವರನ್ನೂ ಬಾರದವರನ್ನೂ ಹೋಲಿಸಿದ ಅಧ್ಯಯನದಲ್ಲಿ ಇಂಥ ಅಭ್ಯಾಸಗಳಿಂದ ವ್ಯತ್ಯಾಸ ಕಾಣಲಿಲ್ಲ. ಲೈಂಗಿಕ ಸಂಪರ್ಕ, ವೀರ್ಯನಾಶಕ ಕ್ರೀಮು, ತಾಯಿಗೂ ಇದೇ ತೊಂದರೆ ಇದ್ದದ್ದು ಇವು ಲೆಕ್ಕಕ್ಕೆ ಬಂದವು. ಹಾಗಿರುವಾಗ ಕಾಯಿಲೆ ಬಿದ್ದವಳನ್ನೇ ಕೊಳಕಿಯೆಂದು ನಿಲ್ಲಿಸುವುದು ಅನ್ಯಾಯ. ಆ ಅವಮಾನವೇ ಅವಳನ್ನು ವೈದ್ಯರ ಬದಲು ಅಂಗಡಿಗೆ ಕಳಿಸುತ್ತದೆ.

ಮುಟ್ಟು ನಿಂತ ಹೆಂಗಸರ ವಿಷಯದಲ್ಲಿ ನಮ್ಮ ಮೌನ ಇನ್ನೂ ದುಬಾರಿ. ಈಸ್ಟ್ರೊಜೆನ್ ಕುಗ್ಗಿದಾಗ ಯೋನಿಯಲ್ಲಿ ಕಾವಲಿರುವ ಒಳ್ಳೆಯ ಬ್ಯಾಕ್ಟೀರಿಯಾ ಕಡಿಮೆಯಾಗುತ್ತವೆ. ಅಲ್ಲಿಗೇ ಹಚ್ಚುವ ಈಸ್ಟ್ರೊಜೆನ್ ಕ್ರೀಮು ಸೋಂಕನ್ನು ಬಹಳ ಮಟ್ಟಿಗೆ ತಡೆಯುತ್ತದೆಂದು 1993ರಲ್ಲೇ ತೋರಿಸಲಾಗಿದೆ. ವರ್ಷಗಟ್ಟಲೆ ಮಾತ್ರೆ ನುಂಗುತ್ತಿರುವ ಎಷ್ಟು ಅತ್ತೆಯರಿಗೆ, ಅಮ್ಮಂದಿರಿಗೆ ಈ ಮಾತನ್ನು ಯಾರಾದರೂ ಹೇಳಿದ್ದಾರೆ?

ನೀರು ಕುಡಿಯಿರಿ ಎನ್ನುವವರು ಶೌಚಾಲಯದ ಮಾತನ್ನೂ ಆಡಬೇಕು. ಹೊರವರ್ತುಲ ರಸ್ತೆಯ ಟ್ರಾಫಿಕ್ಕಿನಲ್ಲಿ ಗಂಟೆಗಟ್ಟಲೆ ಬಸ್ಸಿನಲ್ಲಿ ಕೂರುವವಳು, ಪೀಣ್ಯದ ಗಾರ್ಮೆಂಟ್ಸಿನಲ್ಲಿ ಮೆಷಿನ್ ಬಿಟ್ಟು ಏಳಲು ಅಂಜುವವಳು ಬೆಳಗಿನಿಂದಲೇ ನೀರು ಕುಡಿಯುವುದನ್ನು ಬಿಡುತ್ತಾಳೆ. 1948ರ ಕಾರ್ಖಾನೆ ಕಾಯ್ದೆಯೇ ಹೆಂಗಸರಿಗೆ ಪ್ರತ್ಯೇಕ ಶೌಚಾಲಯ ಕಡ್ಡಾಯ ಮಾಡಿತ್ತು. ಏಳಲು ಬಿಡುವಿಲ್ಲದಿದ್ದರೆ ಬಾಗಿಲಿದ್ದೂ ಉಪಯೋಗವಿಲ್ಲ. ಊರ ಹೆಸರಿನಲ್ಲೇ ಬಾವಿಯಿರುವ ನಮ್ಮಲ್ಲಿ ಹೆಂಗಸರು ಬಾಯಾರಿ ಕೂರುವುದು ನಾಚಿಕೆಯ ಸಂಗತಿ.

ತೀರ್ಪು ಹೇಳಬೇಕೆಂದರೆ, "ಅದೇ ಮಾತ್ರೆ" ಇವತ್ತಿನ ಉರಿಯನ್ನು ಇಳಿಸಿ ನಾಳಿನ ಮದ್ದನ್ನು ಕೆಡಿಸುತ್ತದೆ. ಚಳಿಜ್ವರ, ಪಕ್ಕೆನೋವು, ವಾಂತಿ, ಮೂತ್ರದಲ್ಲಿ ರಕ್ತ ಕಂಡರೆ ಆ ದಿನವೇ ಆಸ್ಪತ್ರೆಗೆ ಹೋಗಿ. ಗರ್ಭಿಣಿಯರು, ಸಕ್ಕರೆ ಕಾಯಿಲೆಯವರು, ಮಕ್ಕಳು, ಗಂಡಸರು ಕಾಯುವಂತೆಯೇ ಇಲ್ಲ. ಹತ್ತಿರದ ಸರ್ಕಾರಿ "ನಮ್ಮ ಕ್ಲಿನಿಕ್"ನಿಂದ ಶುರುಮಾಡಿ. ಇಎಸ್‌ಐ ಕಾರ್ಡು ಇದ್ದವರಿಗೆ ರಾಜಾಜಿನಗರದ ಆಸ್ಪತ್ರೆಯಿದೆ, ತಜ್ಞರು ಬೇಕಾದರೆ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಸರ್ಕಾರದ ನೆಫ್ರೋ ಯುರಾಲಜಿ ಸಂಸ್ಥೆಯಿದೆ. ಹತ್ತು ರೂಪಾಯಿಯ ಫೈಲೊಂದು ಕೊಂಡು ಪ್ರತಿ ಕಲ್ಚರ್ ವರದಿ, ಪ್ರತಿ ಮಾತ್ರೆಯ ಹೆಸರು, ತಾರೀಖು ಅದರಲ್ಲಿಡಿ. ಮುಂದಿನ ಸಲ ವೈದ್ಯರ ಮೇಜಿನ ಮೇಲೆ ಮೊದಲು ಆ ಫೈಲನ್ನಿಡಿ.