ಪದಪಟ್ಟಿಯೆಂಬ ಅಘೋಷಿತ ವ್ಯಾಕರಣ: ಮುಕ್ತ ತಂತ್ರಾಂಶದ ಕನ್ನಡ ಕೀಲಿಮಣೆಗಳ ವಿಮರ್ಶೆ

1. ಪೀಠಿಕೆ

ಮೊಬೈಲ್ ಫೋನಿನ ಕೀಲಿಮಣೆಯನ್ನು ಬರವಣಿಗೆಯ ಸಲಕರಣೆಯೆಂದು ಭಾವಿಸಿ ಸುಮ್ಮನಾಗುವುದು ಸುಲಭ. ಆದರೆ ಅದರೊಳಗೆ ಭಾಷೆಯ ಬಗೆಗಿನ ಮೂರು ಹೇಳಿಕೆಗಳು ಅಡಗಿವೆ. ಕೀಲಿಗಳ ವಿನ್ಯಾಸವು ಲಿಪಿಯ ಮೂಲಘಟಕ ಯಾವುದೆಂದು ಹೇಳುತ್ತದೆ. ಸಂಕೇತಕ್ರಮವು ಎರಡು ಬರಹರೂಪಗಳು ಯಾವಾಗ ಒಂದೇ ಪದವೆನಿಸುತ್ತವೆಂದು ಹೇಳುತ್ತದೆ. ಪದಪಟ್ಟಿಯು ಯಾವುದು ಕನ್ನಡದ ಪದ, ಯಾವುದು ಅಲ್ಲ ಎಂದು ಹೇಳುತ್ತದೆ. ವಾಣಿಜ್ಯ ತಂತ್ರಾಂಶಗಳಲ್ಲಿ ಈ ಹೇಳಿಕೆಗಳು ಹೊರಗಿನವರಿಗೆ ಕಾಣುವುದಿಲ್ಲ. ಮುಕ್ತ ತಂತ್ರಾಂಶಗಳಲ್ಲಿ ಅವು ಎಲ್ಲರೂ ಓದಬಹುದಾದ ಕಡತಗಳಾಗಿ ತೆರೆದಿರುತ್ತವೆ; ಆದ್ದರಿಂದ ವಿಮರ್ಶೆಗೂ ತಿದ್ದುಪಡಿಗೂ ಒದಗುತ್ತವೆ.

ಆಂಡ್ರಾಯ್ಡ್‌ನ ಮೂಲ ಕೀಲಿಮಣೆಯಿಂದ ಕವಲೊಡೆದ ಎರಡು ಯೋಜನೆಗಳನ್ನು ಮುಂದಿಟ್ಟುಕೊಂಡು ಈ ಲೇಖನವನ್ನು ಬೆಳೆಸಿದ್ದೇವೆ. ಒಂದು, ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗದಿಂದ ಹುಟ್ಟಿದ ಇಂಡಿಕ್ ಕೀಬೋರ್ಡ್. ಇನ್ನೊಂದು, ಓಪನ್‌ಬೋರ್ಡ್‌ನ ಮುಂದುವರಿಕೆಯಾದ ಹೀಲಿಬೋರ್ಡ್. ಎರಡೂ ಸ್ವಯಂಸೇವಕರ ದುಡಿಮೆಯ ಫಲ. ನಮ್ಮ ವಿಮರ್ಶೆ ಆ ದುಡಿಮೆಯನ್ನು ಕುರಿತದ್ದಲ್ಲ. ಅದರಲ್ಲಿ ಭಾಷಾವಿಜ್ಞಾನಿಗಳು ತುಂಬದೆ ಬಿಟ್ಟಿರುವ ಜಾಗವನ್ನು ಕುರಿತದ್ದು.

2. ವಿನ್ಯಾಸ: ಅಕ್ಷರವೋ, ಧ್ವನಿಮಾವೋ, ಚಿಹ್ನೆಯೋ

ಕನ್ನಡಕ್ಕೆ ಬಳಕೆಯಲ್ಲಿರುವ ಮೂರು ಮುಖ್ಯ ವಿನ್ಯಾಸಗಳು ಲಿಪಿಯನ್ನು ಮೂರು ರೀತಿಯಲ್ಲಿ ವಿಶ್ಲೇಷಿಸುತ್ತವೆ. 1986ರಲ್ಲಿ ಮೊದಲು ರೂಪುಗೊಂಡ ಇನ್‌ಸ್ಕ್ರಿಪ್ಟ್‌ನಲ್ಲಿ ಸ್ವರಾಕ್ಷರ ಮತ್ತು ಸ್ವರಚಿಹ್ನೆ ಬೇರೆ ಬೇರೆ ಘಟಕಗಳು. ‘ಇ’ ಮತ್ತು ಗುಣಿತದ ‘ಿ’ ಒಂದೇ ಕೀಲಿಯ ಎರಡು ಸ್ತರಗಳಲ್ಲಿ ಕುಳಿತಿವೆ. ಕೆ. ಪಿ. ರಾವ್ ಅವರ ವಿನ್ಯಾಸದಲ್ಲಿ ಕೀಲಿ ಒಂದೇ. ಪದಾದಿಯಲ್ಲಿ ಒತ್ತಿದರೆ ಸ್ವರಾಕ್ಷರ, ವ್ಯಂಜನದ ಬಳಿಕ ಒತ್ತಿದರೆ ಗುಣಿತ. ಅಂದರೆ ಅವೆರಡೂ ಒಂದೇ ಘಟಕದ ಪರಿಸರಾಧೀನ ರೂಪಗಳು ಎಂಬ ವಿಶ್ಲೇಷಣೆ ಅಲ್ಲಿದೆ. ಆದರೆ ವ್ಯಂಜನದ ಕೀಲಿ ಅಕಾರಸಹಿತ ‘ಕ’ವನ್ನೇ ಕೊಡುತ್ತದೆ, ಒತ್ತಕ್ಷರಕ್ಕೆ ವಿರಾಮದ ಕೀಲಿಯನ್ನು ಪ್ರತ್ಯೇಕವಾಗಿ ಒತ್ತಬೇಕು. ಲಿಪ್ಯಂತರ ವಿನ್ಯಾಸದಲ್ಲಿ ಮೊದಲು ‘ಕ್’ ಬರುತ್ತದೆ, ಅಕಾರವನ್ನು ಬಳಿಕ ಸೇರಿಸಬೇಕು. ಇದು ಶುದ್ಧ ಧ್ವನಿಮಾ ವಿಶ್ಲೇಷಣೆ.

ಇವುಗಳಲ್ಲಿ ಯಾವುದು ಸರಿ ಎಂಬುದು ನಮ್ಮ ಪ್ರಶ್ನೆಯಲ್ಲ. ಮೊಬೈಲ್ ಪರದೆಗೆ ಇವನ್ನು ತರುವಾಗ ಜಾಗದ ಕೊರತೆಯಿಂದ ಮಾಡುವ ಆಯ್ಕೆಗಳು ವಾದವಿಲ್ಲದೆ ನಿರ್ಣಯವಾಗುತ್ತವೆ ಎಂಬುದು ನಮ್ಮ ಆಕ್ಷೇಪ. ಮಹಾಪ್ರಾಣಗಳನ್ನು ದೀರ್ಘ ಒತ್ತಿನ ಹಿಂದೆ ಅಡಗಿಸುವುದನ್ನೇ ನೋಡಬಹುದು. ಕನ್ನಡಕ್ಕೆ ಮಹಾಪ್ರಾಣಗಳು ಬೇಕೇ ಎಂಬ ಪ್ರಶ್ನೆಯನ್ನು ಡಿ. ಎನ್. ಶಂಕರ ಭಟ್ಟರು ಎತ್ತಿದಾಗ ಅದರ ಸುತ್ತ ವರ್ಷಗಟ್ಟಲೆ ಚರ್ಚೆ ನಡೆಯಿತು. ಅದೇ ಕೆಲಸವನ್ನು ಅರ್ಧ ಸೆಕೆಂಡಿನ ವಿಳಂಬವೊಂದು ಚರ್ಚೆಯಿಲ್ಲದೆ ಮಾಡಬಲ್ಲದು.

3. ಸಂಕೇತ: ಕಣ್ಣಿಗೆ ಒಂದು, ಯಂತ್ರಕ್ಕೆ ಹಲವು

ಯೂನಿಕೋಡ್‌ನಲ್ಲಿ ‘ಕೋ’ ಎಂಬ ಗುಣಿತಾಕ್ಷರದ ಸ್ವರಚಿಹ್ನೆಯನ್ನು ಒಂದು, ಎರಡು ಅಥವಾ ಮೂರು ಸಂಕೇತಗಳಲ್ಲಿ ಬರೆಯಬಹುದು. ಈ ಮೂರೂ ಸಮಾನವೆಂದು ಮಾನಕವೇ ಘೋಷಿಸಿರುವುದರಿಂದ ಪ್ರಸಾಮಾನ್ಯೀಕರಣವು ಅವನ್ನು ಒಂದಾಗಿಸುತ್ತದೆ. ಆದರೆ ಅಗೋಚರ ಜೋಡಕಗಳ ವಿಷಯದಲ್ಲಿ ಈ ರಕ್ಷಣೆಯಿಲ್ಲ. ‘ರ‍್ಯಾಲಿ’ ಎಂಬಲ್ಲಿ ರಕಾರ ಅರ್ಕಾವೊತ್ತಾಗದೆ ಪೂರ್ಣರೂಪದಲ್ಲಿ ಉಳಿಯಬೇಕಾದರೆ ರಕಾರಕ್ಕೂ ವಿರಾಮಕ್ಕೂ ನಡುವೆ ಜೋಡಕವಿರಬೇಕು. ಅದೇ ಜೋಡಕ ವಿರಾಮದ ಬಳಿಕ ಕುಳಿತಿರುವ ಪಠ್ಯಗಳೂ ಇವೆ. ‘ಸಾಫ್ಟ್‌ವೇರ್’ನಂಥ ಪದಗಳಲ್ಲಿ ಅಜೋಡಕವನ್ನು ಕೆಲವರು ಹಾಕುತ್ತಾರೆ, ಕೆಲವರು ಬಿಡುತ್ತಾರೆ. ಜಾಲದಿಂದ ಪಠ್ಯವನ್ನು ಬಾಚಿ ಪದಪಟ್ಟಿ ಸಿದ್ಧಪಡಿಸಿದಾಗ ಇವೆಲ್ಲ ಪ್ರತ್ಯೇಕ ಪದಗಳಾಗುತ್ತವೆ. ಒಂದೇ ಪದದ ಆವರ್ತನ ಹಂಚಿಹೋಗಿ ಸಲಹೆಯ ಸಾಲಿನಲ್ಲಿ ಹಿಂದೆ ಬೀಳುತ್ತದೆ. ಜೋಡಕಗಳನ್ನೆಲ್ಲ ಅಳಿಸುವುದು ಪರಿಹಾರವಲ್ಲ, ಏಕೆಂದರೆ ಅವು ಕಾಣುವ ರೂಪವನ್ನೇ ಬದಲಿಸುತ್ತವೆ. ಎಲ್ಲಿ ಉಳಿಸಬೇಕು, ಎಲ್ಲಿ ಬಿಡಬೇಕು ಎಂಬ ನಿಯಮವನ್ನು ಲಿಪಿಶಾಸ್ತ್ರ ಬಲ್ಲವರೇ ಬರೆಯಬೇಕು.

ಅಳಿಸುವ ಕೀಲಿಯ ಹಿಂದೆಯೂ ಇಂಥದೇ ಪ್ರಶ್ನೆಯಿದೆ. 2023ರಲ್ಲಿ ಪ್ರಕಟವಾದ ಯೂನಿಕೋಡ್‌ನ 15.1ನೆಯ ಆವೃತ್ತಿಯು ಸಂಯುಕ್ತಾಕ್ಷರವನ್ನು ಅವಿಭಾಜ್ಯ ಘಟಕವೆಂದು ಗಣಿಸುವ ನಿಯಮವನ್ನು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ ಅನ್ವಯಿಸಿತು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಆ ನಿಯಮದಂತೆ ‘ಸ್ತ್ರೀ’ ತೆಲುಗಿನಲ್ಲಿ ಒಂದು ಘಟಕ. ಸೋದರ ಲಿಪಿಯಾದ ಕನ್ನಡದಲ್ಲಿ ಮೂರು. ಕನ್ನಡದ ಓದುಗ-ಬರಹಗಾರರಿಗೆ ಒತ್ತಕ್ಷರ ಒಂದೇ ಘಟಕವೋ, ಬಿಡಿಸಿ ತಿದ್ದಬಹುದಾದ ಸರಣಿಯೋ ಎಂಬುದು ಮನೋಭಾಷಾವೈಜ್ಞಾನಿಕ ಪ್ರಯೋಗದಿಂದ ಉತ್ತರಿಸಬಹುದಾದ ಪ್ರಶ್ನೆ.

4. ಪದಪಟ್ಟಿ: ರೂಪಿಮೆಗಳಿಲ್ಲದ ನಿಘಂಟು

ಈ ಕುಟುಂಬದ ಕೀಲಿಮಣೆಗಳ ನಿಘಂಟು ಸರಳವಾದ ಪಠ್ಯಕಡತ. ಪ್ರತಿ ಸಾಲಿನಲ್ಲಿ ಒಂದು ಪದ, ಅದರ ಮುಂದೆ 0ರಿಂದ 255ರ ನಡುವಿನ ಒಂದು ಆವರ್ತನಾಂಕ. ಬೇಕಿದ್ದರೆ ಆ ಪದದ ಬಳಿಕ ಬರಬಹುದಾದ ಪದಗಳ ಪಟ್ಟಿ. ಈ ಕಡತವನ್ನು ಪದಾದಿಯಿಂದ ಕವಲೊಡೆಯುವ ಮರದ ರೂಪಕ್ಕೆ ಪರಿವರ್ತಿಸಲಾಗುತ್ತದೆ. ಒಂದೇ ಆರಂಭವುಳ್ಳ ಪದಗಳು ಕಾಂಡವನ್ನು ಹಂಚಿಕೊಳ್ಳುತ್ತವೆ. ಒಂದೇ ಅಂತ್ಯವುಳ್ಳವು ಏನನ್ನೂ ಹಂಚಿಕೊಳ್ಳುವುದಿಲ್ಲ. ಪ್ರತ್ಯಯಗಳೆಲ್ಲ ಪದಾಂತ್ಯದಲ್ಲಿ ಕೂಡಿಕೊಳ್ಳುವ ಭಾಷೆಗೆ ಇದು ಒಗ್ಗದ ರಚನೆ.

ಒಂದು ಸರಳ ಲೆಕ್ಕ ಮಾಡೋಣ. ‘ಮರ’ ಎಂಬ ನಾಮಪದಕ್ಕೆ ಆರು ವಿಭಕ್ತಿಗಳನ್ನೂ ಎರಡು ವಚನಗಳನ್ನೂ ಹಿಡಿದರೆ 12 ರೂಪಗಳು. ಒಂದೊಂದಕ್ಕೂ ಊ, ಏ, ಓ ಎಂಬ ಅವಧಾರಕಗಳು ಸೇರಿದರೆ (ಮರವನ್ನು, ಮರವನ್ನೂ, ಮರವನ್ನೇ, ಮರವನ್ನೋ) ಒಟ್ಟು 48. ಹೀಗೆ ಹತ್ತು ಸಾವಿರ ನಾಮಪದಗಳಿಗೆ 4,80,000 ಸಾಲುಗಳು ಬೇಕು. ‘ಮರದಲ್ಲಿದ್ದ’, ‘ಮರಕ್ಕಿಂತ’, ‘ಮರವಲ್ಲ’ ಎಂಬಂಥ ಸಂಧಿರೂಪಗಳನ್ನೂ ಕ್ರಿಯಾಪದಗಳನ್ನೂ ಇನ್ನೂ ಮುಟ್ಟಿಯೇ ಇಲ್ಲ. ಪಟ್ಟಿಯನ್ನು ಎಷ್ಟು ಉದ್ದ ಮಾಡಿದರೂ ಉತ್ಪಾದಕ ರೂಪಗಳು ಅದರ ಹೊರಗೆ ಉಳಿಯುತ್ತವೆ. ಹೊರಗುಳಿದುದನ್ನು ಕೀಲಿಮಣೆ ತಪ್ಪೆಂದು ಭಾವಿಸಿ ಒಳಗಿರುವ ಯಾವುದೋ ರೂಪಕ್ಕೆ ತಿದ್ದಲೆಳಸುತ್ತದೆ. ವ್ಯಾಕರಣಬದ್ಧವಾದ ರೂಪವೊಂದು ಅಶುದ್ಧವೆನಿಸುವುದು ಹೀಗೆ.

ಇದಕ್ಕೆ ಎರಡು ದಾರಿಗಳಿವೆ. ರೂಪಿಮೆಗಳನ್ನು ಬಲ್ಲ ಪರಿಮಿತ-ಸ್ಥಿತಿ ವಿಶ್ಲೇಷಕವನ್ನು ಕೀಲಿಮಣೆಯೊಳಗೆ ಸೇರಿಸುವುದು ದೀರ್ಘಾವಧಿಯ ದಾರಿ; ಇದು ಎಂಜಿನ್ನನ್ನೇ ಬದಲಿಸುವ ಕೆಲಸ. ಅಂಥ ವಿಶ್ಲೇಷಕದಿಂದ ರೂಪಗಳನ್ನು ಹೊರಗೇ ಉತ್ಪಾದಿಸಿ, ಸಂಭಾವ್ಯತೆಯ ಪ್ರಕಾರ ಜರಡಿ ಹಿಡಿದು ಪಟ್ಟಿಗೆ ಸೇರಿಸುವುದು ಇಂದೇ ಸಾಧ್ಯವಿರುವ ದಾರಿ. ಇದಕ್ಕೆ ಬೇಕಾದ್ದು ಪ್ರತ್ಯಯಗಳ ಸಂಯೋಜನಾಕ್ರಮದ ಖಚಿತ ವಿವರಣೆ. ನಮ್ಮ ವಿಭಾಗಗಳ ಪ್ರಬಂಧಗಳಲ್ಲಿ ಅದು ಇದೆ. ಯಂತ್ರ ಓದಬಲ್ಲ ರೂಪದಲ್ಲಿ ಇಲ್ಲ.

5. ಯಾರ ಕನ್ನಡ?

ಹೀಲಿಬೋರ್ಡ್ ಅಂತರಜಾಲದ ಅನುಮತಿಯನ್ನೇ ಕೇಳುವುದಿಲ್ಲ. ಬಳಕೆದಾರರ ಖಾಸಗಿತನಕ್ಕೆ ಇದು ದೊಡ್ಡ ಲಾಭ. ಆದರೆ ಇದರಿಂದ ಇನ್ನೊಂದು ಪರಿಣಾಮವೂ ಇದೆ: ಕೋಟ್ಯಂತರ ಜನರ ಬರಹದಿಂದ ದೂರದ ಸರ್ವರ್ ಕಲಿಯುವ ವ್ಯವಸ್ಥೆ ಇಲ್ಲಿಲ್ಲ. ಕೊಡುಗೆದಾರರು ಪಟ್ಟಿಯಲ್ಲಿ ಇಟ್ಟದ್ದೇ ಕೀಲಿಮಣೆಯ ಆರಂಭದ ಕನ್ನಡ.

ಇಂಥ ಪಟ್ಟಿಗೆ ಸುಲಭವಾಗಿ, ಮುಕ್ತ ಪರವಾನಗಿಯಲ್ಲಿ ಸಿಗುವ ಆಕರ ವಿಕಿಪೀಡಿಯ. ಅದರದು ಗ್ರಾಂಥಿಕ ಕನ್ನಡ, ಪ್ರಥಮ ಪುರುಷದ ವಿವರಣಾ ಗದ್ಯ. ಅದರಲ್ಲಿ ‘ಬರುತ್ತದೆ’ ಹೇರಳ, ‘ಬರುತ್ತೇನೆ’ ವಿರಳ. ಫೋನಿನಲ್ಲಿ ಜನ ಬರೆಯುವುದು ಸಂಭಾಷಣೆಯನ್ನು: ಮೈಸೂರಿನ ಕಡೆಯ ‘ಬರ್ತೀನಿ’, ಮಂಗಳೂರಿನ ‘ಬರ್ತೇನೆ’, ಧಾರವಾಡದ ‘ಬರ್ತೇನಿ’, ಕುಂದಾಪುರದ ‘ಬತ್ತೆ’. ಪಟ್ಟಿಯಲ್ಲಿ ಕೊನೆಯದು ಇಲ್ಲದಿದ್ದು ‘ಬಟ್ಟೆ’ ಇದ್ದರೆ, ಕುಂದಗನ್ನಡದ ಒಂದು ಪೂರ್ಣ ವಾಕ್ಯ ಬೆರಳಚ್ಚಿನ ದೋಷವಾಗುತ್ತದೆ. ಶಿಷ್ಟ-ಅಶಿಷ್ಟಗಳ ಈ ತೀರ್ಪನ್ನು ಯಾವ ಅಕಾಡೆಮಿಯೂ ನೀಡಿಲ್ಲ. ಆದರೂ ಅದು ದಿನಕ್ಕೆ ಎಷ್ಟೋ ಬಾರಿ ಜಾರಿಯಾಗುತ್ತದೆ. ಕನ್ನಡ ಲಿಪಿಯಲ್ಲಿ ಬರೆಯುವ ತುಳು, ಕೊಂಕಣಿ, ಕೊಡವ ಭಾಷಿಕರ ಪಾಡು ಇನ್ನೂ ಕಠಿಣ. ಕನ್ನಡದ ಪಟ್ಟಿಯ ಎದುರು ಅವರ ಪದಗಳೆಲ್ಲ ತಪ್ಪೇ.

ಬಳಕೆದಾರರ ಸ್ವಂತ ನಿಘಂಟು ಕಾಲಕ್ರಮದಲ್ಲಿ ಇದನ್ನೆಲ್ಲ ಕಲಿಯುತ್ತದೆ ಎಂಬ ಸಮಾಧಾನವಿದೆ. ಅದು ಅರ್ಧ ಸತ್ಯ: ಕಲಿಕೆ ಒಬ್ಬರ ಫೋನಿಗೆ ಸೀಮಿತ, ಪೂರ್ವನಿಶ್ಚಿತ ರೂಪ ಎಲ್ಲರ ಪಾಲಿನದು. ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದುದು. ಉಪಭಾಷಾರೂಪಗಳನ್ನೆಲ್ಲ ಒಂದೇ ಪಟ್ಟಿಗೆ ಸುರಿದರೆ ಸಮೀಪರೂಪಗಳು ಹೆಚ್ಚಿ ತಿದ್ದುವಿಕೆ ಎಲ್ಲರಿಗೂ ಹದಗೆಡುತ್ತದೆ. ಇದನ್ನು ನಾವು ಒಪ್ಪುತ್ತೇವೆ. ಆದ್ದರಿಂದಲೇ ಉಪಭಾಷೆಗೊಂದರಂತೆ ಪ್ರತ್ಯೇಕ ಪಟ್ಟಿಗಳು ಬೇಕೆಂಬುದು ನಮ್ಮ ಸೂಚನೆ. ಬಳಕೆದಾರರು ತಾವೇ ನಿಘಂಟು ಕಡತಗಳನ್ನು ಸೇರಿಸಿಕೊಳ್ಳುವ ಅವಕಾಶ ಹೀಲಿಬೋರ್ಡ್‌ನಲ್ಲಿ ಈಗಾಗಲೇ ಇದೆ.

6. ಉಪಸಂಹಾರ

ಕೊಡುಗೆಯ ವಿಧಾನ ಮುಕ್ತವಾಗಿದೆ: ಕಡತದ ಪ್ರತಿ ತೆಗೆದು, ತಿದ್ದಿ, ಸೇರ್ಪಡೆಯ ಕೋರಿಕೆ ಸಲ್ಲಿಸಬಹುದು. ಆದರೆ ಅದನ್ನು ಪರಿಶೀಲಿಸುವ ನಿರ್ವಾಹಕರು ಕನ್ನಡ ಬಲ್ಲವರೇ ಆಗಿರಬೇಕೆಂದಿಲ್ಲ. ಕಡತ ದೋಷವಿಲ್ಲದೆ ಪರಿವರ್ತನೆಯಾದೀತೇ ಎಂಬುದನ್ನಷ್ಟೇ ಅವರು ನೋಡಬಲ್ಲರು. ಭಾಷಿಕ ಪರಿಶೀಲನೆಯ ಈ ಖಾಲಿ ಸ್ಥಾನ ನಮ್ಮದು. ಪದಪಟ್ಟಿಯ ಜೊತೆ ಆಕರ, ಪ್ರಭೇದ, ಜೋಡಕಗಳ ನಿಯಮ ಮತ್ತು ಹೊರಗಿಟ್ಟ ರೂಪಗಳ ಕಾರಣವನ್ನು ತಿಳಿಸುವ ಒಂದು ಪುಟದ ವಿವರಣೆ ಇರಲಿ. ಇಂಥ ಪಟ್ಟಿಯನ್ನು ಸಿದ್ಧಪಡಿಸಿದ ಸಂಶೋಧನಾರ್ಥಿಯ ಕೆಲಸವನ್ನು ನಿಘಂಟುಕಾರರ ಕೆಲಸದಂತೆಯೇ ವಿಭಾಗಗಳು ಮೌಲ್ಯಮಾಪನಕ್ಕೆ ಒಪ್ಪಿಕೊಳ್ಳಲಿ. ಮುದ್ರಿತ ನಿಘಂಟಿನ ಒಂದು ನಮೂದಿಗೆ ನಾವು ಆಧಾರ ಕೇಳುತ್ತೇವೆ. ಅದಕ್ಕಿಂತ ಹೆಚ್ಚು ಕೈಗಳನ್ನು ತಿದ್ದುವ ಪಟ್ಟಿಗೆ ಆಧಾರ ಕೇಳದಿರಲು ಕಾರಣವಿಲ್ಲ.