ಸನ್ಯಾಸಿನಿಯ ಕಾದಂಬರಿಗೆ ಗುಜರಾತಿನ ಸವಾಲು

ವಸಾಹತು ಕಾಲದ ಯಾವುದೋ ದೂರದ ಊರು. ಹಟಮಾರಿ ಜಮೀನ್ದಾರ, ಕಂಡೂ ಕಾಣದಂತಿರುವ ದೊರೆ, ಬಾಯಿಲ್ಲದ ಜನ. ಅಲ್ಲಿಗೆ ನಾಲ್ಕೈದು ಮಂದಿ ಕ್ರೈಸ್ತ ಸನ್ಯಾಸಿನಿಯರು ಬಂದಿಳಿಯುತ್ತಾರೆ. ಶಾಲೆ ತೆರೆಯುತ್ತಾರೆ, ಔಷಧಿ ಕೊಡುತ್ತಾರೆ, ಅನ್ಯಾಯ ಕಂಡು ಸಿಡಿದೇಳುತ್ತಾರೆ. ಅಷ್ಟರಲ್ಲಿ ಅವರಲ್ಲೊಬ್ಬಳ ನಂಬಿಕೆಯೇ ಅಲುಗಾಡತೊಡಗುತ್ತದೆ. ಇಂಗ್ಲಿಷ್ ಕಾದಂಬರಿಗಳನ್ನು ಓದುವವರಿಗೆ ಈ ಹೂರಣ ಹೊಸದಲ್ಲ. ಪಾತ್ರಗಳ ಹೆಸರು, ಭೂಖಂಡ, ರೋಗ ಬದಲಾಗುತ್ತವೆ. ಕಥೆಯ ನಡಿಗೆ ಮಾತ್ರ ಅದೇ.

ಈ ಮಾದರಿಗೆ ಗಟ್ಟಿ ಬುನಾದಿ ಹಾಕಿದವರಲ್ಲಿ ರೂಮರ್ ಗಾಡನ್ ಮುಖ್ಯರು. ಬಂಗಾಳದ ನಾರಾಯಣಗಂಜಿನಲ್ಲಿ ಬೆಳೆದ ಅವರು 1939ರಲ್ಲಿ ‘ಬ್ಲ್ಯಾಕ್ ನಾರ್ಸಿಸಸ್’ ಪ್ರಕಟಿಸಿದರು. ಹಿಮಾಲಯದ ಇಳಿಜಾರಿನ ಹಳೆಯ ಅರಮನೆಯೊಂದರಲ್ಲಿ ಆಂಗ್ಲಿಕನ್ ಸನ್ಯಾಸಿನಿಯರು ಮಠ ಹೂಡುತ್ತಾರೆ. ಎಚ್ಚರಿಕೆಯ ಮಾತು ಮೀರಿ ಒಬ್ಬ ಸಿಸ್ಟರ್ ಮಗುವಿಗೆ ಮದ್ದು ಕೊಡುತ್ತಾಳೆ, ಮಗು ಸಾಯುತ್ತದೆ, ಊರವರು ಮಠದತ್ತ ಕಾಲಿಡುವುದನ್ನೇ ಬಿಡುತ್ತಾರೆ. 1956ರಲ್ಲಿ ಕ್ಯಾಥರಿನ್ ಹ್ಯೂಮ್ ಬರೆದ ‘ದಿ ನನ್ಸ್ ಸ್ಟೋರಿ’ ಬೆಲ್ಜಿಯನ್ ಕಾಂಗೋದ ಆಸ್ಪತ್ರೆಗೆ ಹೋಗುವ ಸಿಸ್ಟರ್ ಲ್ಯೂಕ್‌ಳ ಕಥೆ. ಮೂರೇ ವರ್ಷಕ್ಕೆ ಆಡ್ರೆ ಹೆಪ್‌ಬರ್ನ್ ನಟನೆಯಲ್ಲಿ ಅದು ಸಿನಿಮಾ ಆಯಿತು.

ಈ ಪರಂಪರೆಯನ್ನು ಬರೀ ಬಿಳಿಯರ ಭಾವುಕತೆ ಎಂದು ತಳ್ಳಿಹಾಕಿದರೆ ಅನ್ಯಾಯವಾದೀತು. ಗಂಡಂದಿರಿಲ್ಲದೆ, ಮಕ್ಕಳಿಲ್ಲದೆ, ಆಡಳಿತದ ಹೊಣೆ ಹೊತ್ತು ಬದುಕಿದ ಹೆಂಗಸರು ಆ ಕಾಲದ ಕಾದಂಬರಿಗಳಲ್ಲಿ ಬೇರೆಲ್ಲಿ ಸಿಗುತ್ತಾರೆ? ಗಾಡನ್ ತಮ್ಮ ಸನ್ಯಾಸಿನಿಯರನ್ನು ಗೆಲ್ಲಿಸುವುದೂ ಇಲ್ಲ. ಅವರು ಗಂಟುಮೂಟೆ ಕಟ್ಟಿಕೊಂಡು ಬೆಟ್ಟ ಇಳಿಯುತ್ತಾರೆ. ತೊಡಕಿರುವುದು ಬೇರೆ ಕಡೆ. ಎರಡೂ ಕೃತಿಗಳಲ್ಲಿ ನಿಜವಾದ ಹೋರಾಟ ನಡೆಯುವುದು ಸನ್ಯಾಸಿನಿಯ ಎದೆಯೊಳಗೆ. ಹ್ಯೂಮ್ ಬೆಲ್ಜಿಯಂ ಆಡಳಿತಕ್ಕಿಂತ ಹೆಚ್ಚಾಗಿ ಮಠದ ವಿಧೇಯತೆಯನ್ನೇ ಪ್ರಶ್ನಿಸುತ್ತಾರೆ. ಊರು ಸನ್ಯಾಸಿನಿಯ ಪರೀಕ್ಷೆಗೆ ಹಾಕಿದ ರಂಗಸಜ್ಜಿಕೆಯಾಗುತ್ತದೆ. ಊರಿನ ಅನ್ಯಾಯಕ್ಕೆ ತನ್ನದೇ ಆದ ಲೆಕ್ಕಪತ್ರ ಉಂಟು, ಭೂಮಿ ಯಾರದು, ಬಾವಿ ಯಾರದು, ಬಿಟ್ಟಿ ದುಡಿಮೆ ಯಾರ ಪಾಲಿಗೆ ಎಂಬ ವಿವರ ಉಂಟು. ಕಾದಂಬರಿ ಅಷ್ಟು ಆಳಕ್ಕೆ ಇಳಿಯುವುದಿಲ್ಲ.

ಈ ಮಾದರಿಯನ್ನು ಒರೆಗೆ ಹಚ್ಚಲು ಗುಜರಾತಿಗಿಂತ ಒಳ್ಳೆಯ ನೆಲ ಸಿಗುವುದು ಕಷ್ಟ. ಇಲ್ಲಿ ಮಿಶನ್ನೂ ಇತ್ತು, ಐತಿಹಾಸಿಕ ಕಾದಂಬರಿಯೂ ಇತ್ತು; ಎರಡರ ಬೇರೂ ಒಂದೇ ಊರಿನಲ್ಲಿತ್ತು. ಲಂಡನ್ ಮಿಶನರಿ ಸೊಸೈಟಿಯವರು ಸೂರತ್‌ಗೆ ಬಂದದ್ದು 1815ರಲ್ಲಿ. 1820ರ ದಶಕದ ಆರಂಭದಲ್ಲೇ ಅವರ ಮುದ್ರಣಾಲಯದಿಂದ ಗುಜರಾತಿ ಬೈಬಲ್ ಹೊರಬಂತು. ಮುಂದೆ ಐರ್ಲೆಂಡಿನ ಪ್ರೆಸ್ಬಿಟೀರಿಯನ್ನರು ಆ ಕೆಲಸ ವಹಿಸಿಕೊಂಡರು. ನಮ್ಮ ಬಳ್ಳಾರಿಯಲ್ಲಿ ಹುಟ್ಟಿದ ಜೋಸೆಫ್ ವ್ಯಾನ್ ಸೋಮರನ್ ಟೇಲರ್ ಗುಜರಾತಿಗೆ ಹೋಗಿ, 1867ರಲ್ಲಿ ಅಲ್ಲಿನ ಭಾಷೆಗೇ ವ್ಯಾಕರಣ ಬರೆದುಕೊಟ್ಟರು.

ಅದೇ ಸೂರತ್ತಿನ ನಂದಶಂಕರ ಮೆಹತಾ 1866ರಲ್ಲಿ ‘ಕರಣ್ ಘೇಲೋ’ ಬರೆದರು. ಗುಜರಾತಿಯ ಮೊದಲ ಕಾದಂಬರಿ ಅದು, ಮತ್ತು ಐತಿಹಾಸಿಕ ಕಾದಂಬರಿ. ಅಲ್ಲಾವುದ್ದೀನ್ ಖಿಲ್ಜಿಯ ಸೇನೆಗೆ ರಾಜ್ಯ ಕಳೆದುಕೊಂಡ, ಪಾಟಣದಿಂದ ಆಳುತ್ತಿದ್ದ ವಾಘೇಲಾ ದೊರೆ ಕರಣನ ಕಥೆ. ಅಲ್ಲಿಂದಾಚೆ ಗುಜರಾತಿ ಐತಿಹಾಸಿಕ ಕಾದಂಬರಿ ಪಾಟಣದ ಅರಮನೆ ಬಿಟ್ಟು ಕದಲುವುದೇ ಅಪರೂಪವಾಯಿತು. ಕೆ. ಎಂ. ಮುನ್ಶಿ ‘ಪಾಟಣನೀ ಪ್ರಭುತಾ’, ‘ಗುಜರಾತನೋ ನಾಥ’ ಬರೆದು ಸೋಲಂಕಿಗಳ ಕಾಲವನ್ನು ಗುಜರಾತಿನ ಹೆಮ್ಮೆಯಾಗಿ ಮಾಡಿದರು. ಸೂರತ್ತಿನ ಓಣಿಯಲ್ಲಿ ಅಚ್ಚಾಗುತ್ತಿದ್ದ ಪುಸ್ತಕ, ಮಿಶನ್ ಶಾಲೆಯ ಜಗಲಿಯಲ್ಲಿ ಅಕ್ಷರ ತಿದ್ದುತ್ತಿದ್ದ, ಅಸ್ಪೃಶ್ಯರೆನಿಸಿಕೊಂಡ ಢೇಡರ ಕೇರಿಯ ಹುಡುಗ ಇತಿಹಾಸದ ಲೆಕ್ಕಕ್ಕೇ ಬರಲಿಲ್ಲ.

ಮಿಶನ್ನಿನ ಹೆಂಗಸರೂ ಬರಲಿಲ್ಲ. ಪ್ರಾಟೆಸ್ಟಂಟರಾದ ಕಾರಣ ಇವರಲ್ಲಿ ಹೆಚ್ಚಿನವರು ಮಠದ ಸನ್ಯಾಸಿನಿಯರಲ್ಲ, ಆದರೆ ಮದುವೆಯಿಲ್ಲದೆ ಊರು ಬಿಟ್ಟು ಬಂದವರು ಅನೇಕರಿದ್ದರು. 1894ರಲ್ಲಿ ಅಮೆರಿಕದ ಬ್ರೆದ್ರೆನ್ ಚರ್ಚಿನಿಂದ ಭಾರತಕ್ಕೆ ಬಂದು ಸೂರತ್ತಿನ ದಕ್ಷಿಣಕ್ಕಿರುವ ವಲಸಾಡಿನಲ್ಲಿ ನೆಲೆಸಿದ ಮೊದಲ ಮೂವರಲ್ಲಿ ವಿಲ್ಬರ್ ಮತ್ತು ಮೇರಿ ಸ್ಟೋವರ್ ದಂಪತಿಯ ಜೊತೆಗಿದ್ದವಳು ಬರ್ತಾ ರಯನ್. ಐದೇ ವರ್ಷದಲ್ಲಿ ಛಪ್ಪನಿಯಾ ಕಾಳ ಬಂತು, ವಿಕ್ರಮ ಸಂವತ್ 1956ರ ಮಹಾಕ್ಷಾಮ. ಮಿಶನ್ನುಗಳ ಅನಾಥಾಲಯಗಳು ಮಕ್ಕಳಿಂದ ತುಂಬಿದವು. ಗುಜರಾತಿನ ಎಷ್ಟೋ ಕ್ರೈಸ್ತ ಮನೆತನಗಳ ಮೂಲ ಅಲ್ಲಿದೆ. ಈ ಕ್ಷಾಮದ ಮಹಾಕಾದಂಬರಿ ಪನ್ನಾಲಾಲ್ ಪಟೇಲರ ‘ಮಾನವೀನೀ ಭವಾಯಿ’ (1947). ಅಲ್ಲಿ ರೈತ ಕಾಳುವಿನ ಹಸಿವಿದೆ, ಕೈಯೊಡ್ಡಲಾರದ ಅವನ ಸ್ವಾಭಿಮಾನವಿದೆ. ಅನಾಥಾಲಯದ ಬಾಗಿಲಲ್ಲಿ ನಿಂತು ಮಗುವಿಗೆ ಹೊಸ ಹೆಸರಿಡುವ ಹೆಂಗಸಿಗೂ, ಹೆಸರು ಕಳೆದುಕೊಳ್ಳುವ ಮಗುವಿಗೂ ಅವರಷ್ಟು ಸಮರ್ಥ ಕಾದಂಬರಿಕಾರ ಸಿಗಲಿಲ್ಲ.

ವಡೋದರಾದ ಕಥೆ ಈ ಮಾದರಿಯನ್ನು ಇನ್ನೊಂದು ಬದಿಯಿಂದ ಕೆಡವುತ್ತದೆ. ಅದು ಗಾಯಕವಾಡರ ಸಂಸ್ಥಾನ. ಅಸ್ಪೃಶ್ಯರಿಗೆ ಶಾಲೆ ತೆರೆದದ್ದು, 1906ರಲ್ಲಿ ರಾಜ್ಯವಿಡೀ ಕಡ್ಡಾಯ ಶಿಕ್ಷಣ ಜಾರಿಗೆ ತಂದದ್ದು ಮಹಾರಾಜ ಸಯಾಜಿರಾವ್. ಅವರ ನೆರವಿನಿಂದಲೇ ಅಮೆರಿಕದಲ್ಲಿ ಓದಿ ಬಂದ ಅಂಬೇಡ್ಕರ್ 1917ರಲ್ಲಿ ಸಂಸ್ಥಾನದ ನೌಕರಿಗೆ ಸೇರಿ, ತಂಗಲು ಜಾಗವಿಲ್ಲದೆ, ಜಾತಿ ಮುಚ್ಚಿಟ್ಟು ಪಾರ್ಸಿ ವಸತಿಗೃಹದಲ್ಲಿದ್ದರು. ಗುಟ್ಟು ತಿಳಿದ ಗುಂಪು ದೊಣ್ಣೆ ಹಿಡಿದು ಬಂತು. ಅವರು ಮೊರೆಹೋದ ಗೆಳೆಯರಿಬ್ಬರಲ್ಲಿ ಒಬ್ಬ ಹಿಂದೂ, ಇನ್ನೊಬ್ಬ ಭಾರತೀಯ ಕ್ರೈಸ್ತ. ಹೆಂಡತಿಯನ್ನು ಕೇಳಬೇಕೆಂದು ಕ್ರೈಸ್ತ ಗೆಳೆಯ ಜಾರಿಕೊಂಡ. ಬ್ರಾಹ್ಮಣ ಮೂಲದಿಂದ ಮತಾಂತರಗೊಂಡ ಆ ಮನೆಯ ಹೆಂಡತಿ ಮಡಿ ಬಿಟ್ಟಿರಲಿಲ್ಲವೆಂದು ಆಮೇಲೆ ತಿಳಿಯಿತೆಂದು ಅಂಬೇಡ್ಕರ್ ಬರೆದಿದ್ದಾರೆ. ಕಾಮಾಠಿ ಬಾಗಿನಲ್ಲಿ ಕೂತು ಕಾಲ ಕಳೆದು ಅವರು ಮುಂಬಯಿ ರೈಲು ಹತ್ತಿದರು.

ಸನ್ಯಾಸಿನಿಯ ಕಾದಂಬರಿಗಳು ಅನ್ಯಾಯವನ್ನು ಮಠದ ಗೋಡೆಯಾಚೆ ಇಟ್ಟು ನೋಡುತ್ತವೆ. ವಡೋದರಾದಲ್ಲಿ ಅದು ಶಿಲುಬೆ ತೂಗುಹಾಕಿದ ಮನೆಯೊಳಗೂ ಇತ್ತು.

ಅಹಮದಾಬಾದಿಗೆ ಬಂದರೆ ಸನ್ಯಾಸಿನಿಗೆ ತೀರ ಹತ್ತಿರದ ಪಾತ್ರವೊಂದು ಸಿಗುತ್ತದೆ. 1925ರ ನವೆಂಬರಿನಲ್ಲಿ ಸಾಬರಮತಿ ಆಶ್ರಮಕ್ಕೆ ಬಂದ ಬ್ರಿಟಿಷ್ ಅಡ್ಮಿರಲ್‌ನ ಮಗಳು ಮೆಡಲೀನ್ ಸ್ಲೇಡ್ ಕೂದಲು ಕತ್ತರಿಸಿ, ಬ್ರಹ್ಮಚರ್ಯ ಹಿಡಿದು, ಮೀರಾಬೆನ್ ಆದಳು. ಚರ್ಚಿಲ್ಲದ ಮಠವೊಂದರ ಸನ್ಯಾಸಿನಿ ಎನ್ನಬಹುದು. ಅದೇ ನಗರದಲ್ಲಿ ಎಂಜಿನಿಯರಿಂಗ್ ಓದಿದ ಸುಧೀರ್ ಕಕ್ಕರ್ 2004ರಲ್ಲಿ ಅವಳ ಮೇಲೆ ‘ಮೀರಾ ಅಂಡ್ ದಿ ಮಹಾತ್ಮಾ’ ಕಾದಂಬರಿ ಬರೆದರು. ಮನೋವಿಶ್ಲೇಷಕರಾದ ಕಕ್ಕರ್ ಅವರ ಕಣ್ಣು ಅವಳ ಹಂಬಲ, ಗಾಂಧಿಯ ಹಿಂಜರಿಕೆ, ಇಬ್ಬರ ನಡುವಿನ ಅಂತರದ ಮೇಲೆಯೇ ನಿಲ್ಲುತ್ತದೆ. ನದಿಯಾಚೆ ಗಿರಣಿಗಳ ಊರಿತ್ತು. 1918ರಲ್ಲಿ ಗಿರಣಿ ಮಾಲೀಕರ ಮನೆಮಗಳೇ ಆದ ಅನಸೂಯಾ ಸಾರಾಭಾಯಿ ಕೂಲಿಕಾರರ ಪರ ನಿಂತು ತಮ್ಮನ ವಿರುದ್ಧವೇ ಮುಷ್ಕರಕ್ಕೆ ಜೊತೆಯಾಗಿದ್ದಳು. ಅನ್ಯಾಯ ಎದುರಿಸಿದ ಹೆಣ್ಣಿನ ಐತಿಹಾಸಿಕ ಕಾದಂಬರಿಗೆ ಅದು ತಯಾರಾಗಿ ನಿಂತ ವಸ್ತು. ಕಕ್ಕರ್ ಆರಿಸಿಕೊಂಡದ್ದು ಒಳಮನಸ್ಸಿನ ದಾರಿಯನ್ನು. ಗಾಡನ್ ಹಾಕಿಕೊಟ್ಟ ಜಾಡು ಇಷ್ಟು ದೂರಕ್ಕೂ ಹಾಯುತ್ತದೆ.

ಜಾಡು ತಪ್ಪಿಸಿದವರು ಜೋಸೆಫ್ ಮೇಕವಾನ್. ಅಹಮದಾಬಾದ್ ಮತ್ತು ವಡೋದರಾಗಳ ನಡುವಿನ ಚರೋತರ ಸೀಮೆಯ ವಣಕರ್, ಅಂದರೆ ನೇಕಾರ ಸಮುದಾಯದ ಕ್ರೈಸ್ತ ಕುಟುಂಬದವರು, ಆಣಂದದಲ್ಲಿ ಮೇಷ್ಟರಾಗಿದ್ದರು. 1986ರಲ್ಲಿ ಬಂದ ಅವರ ‘ಆಂಗಳಿಯಾತ್’ ‘ಕರಣ್ ಘೇಲೋ’ಗಿಂತ ಸರಿಯಾಗಿ 120 ವರ್ಷ ಕಿರಿಯದು. ಬಟ್ಟೆ ಮಾರಲು ಪಕ್ಕದೂರಿಗೆ ಹೋದ ತೀಹೊ, ತನ್ನ ಜನದ ಹುಡುಗಿಯನ್ನು ಊರಿನ ಜಮೀನ್ದಾರ ಜಾತಿಯ ಪಾಟೀದಾರ ಹುಡುಗರು ಪೀಡಿಸಿದ್ದನ್ನು ಕಂಡು ಅಡ್ಡ ನಿಲ್ಲುತ್ತಾನೆ. ಅಲ್ಲಿಂದ ಹುಟ್ಟಿದ ಹಗೆ ಗೆಳೆಯ ವಾಲ್ಜಿಯನ್ನು ನುಂಗುತ್ತದೆ, ಕೊನೆಗೆ ತೀಹೊನನ್ನೂ ಬಿಡುವುದಿಲ್ಲ. ಚರೋತರವಿದ್ದ ಖೇಡಾ ಜಿಲ್ಲೆ ಎಂದರೆ ಚರಿತ್ರೆಯ ಪುಸ್ತಕಗಳಿಗೆ 1918ರ ಸತ್ಯಾಗ್ರಹ, ಕಂದಾಯ ಕಟ್ಟಲೊಲ್ಲೆವೆಂದ ಪಾಟೀದಾರ ರೈತರು. ಅದೇ ಪಾಟೀದಾರರು ತಮ್ಮ ಕೇರಿಗೆ ಹೇಗೆ ಕಂಡರೆಂದು ಮೇಕವಾನ್ ತೋರಿಸಿದರು, ಅದೂ ಚರೋತರದ ಹಸಿ ಆಡುನುಡಿಯಲ್ಲಿ. 1989ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2004ರಲ್ಲಿ ರೀಟಾ ಕೊಠಾರಿ ಇಂಗ್ಲಿಷಿಗೆ ತಂದರು.

ಗಮನಿಸಬೇಕಾದ್ದು ಇಷ್ಟು: ಚರ್ಚಿನ ಶಾಲೆಯಲ್ಲಿ ಪಾಠ ಹೇಳಿದ ಕ್ರೈಸ್ತ ಲೇಖಕ ಕಥೆಯ ನಡುಮನೆಯಲ್ಲಿ ಚರ್ಚನ್ನು ಕೂರಿಸಲಿಲ್ಲ. ಬಿಡಿಸಲು ಬರುವ ಹೊರಗಿನವರಿಲ್ಲದ್ದರಿಂದ ಮಾತು, ತಪ್ಪು, ಧೈರ್ಯ ಎಲ್ಲವೂ ನೇಕಾರರ ಪಾಲಿಗೇ ಉಳಿದವು.

ಕನ್ನಡ ಓದುಗರಿಗೆ ಇದು ಪರಿಚಿತ ಹಾದಿ. ಶಿವರಾಮ ಕಾರಂತರ ‘ಚೋಮನ ದುಡಿ’ಯಲ್ಲಿ (1933) ಪಾದ್ರಿಯ ದಾರಿ ಹಿಡಿದರೆ ಬೇಸಾಯಕ್ಕೆ ಭೂಮಿ ಸಿಗುತ್ತದೆ, ಆದರೆ ಹೊರಟ ಚೋಮ ತನ್ನ ದೈವ ಪಂಜುರ್ಲಿಯ ನೆನಪಾಗಿ ಹಿಂದಿರುಗುತ್ತಾನೆ. ಕಾರಂತರು ಮಿಶನ್ನನ್ನು ದೇವರ ಕೆಲಸಕ್ಕಿಂತ ಭೂಮಿಯ ಪ್ರಶ್ನೆಯಾಗಿ ಕಂಡರು, ಹೀಗಾಗಿ ಅದು ಹಳತಾಗಿಲ್ಲ. ಕುವೆಂಪು ‘ಮಲೆಗಳಲ್ಲಿ ಮದುಮಗಳು’ (1967) ಕೃತಿಯ ಪಾದ್ರಿ ಜೀವರತ್ನಯ್ಯನನ್ನು ನಗೆಯಂಚಿನಲ್ಲಿ ಚಿತ್ರಿಸಿದರು. ನಾ. ಡಿಸೋಜ ‘ಇಗರ್ಜಿಯ ಸುತ್ತಲಿನ ಹತ್ತು ಮನೆಗಳು’ ಬರೆದು ಕ್ರೈಸ್ತರ ಬದುಕನ್ನು ಒಳಗಿನಿಂದ ತೋರಿಸಿದರು. ವಡೋದರಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದ ಎಸ್. ಎಲ್. ಭೈರಪ್ಪ ಅದಕ್ಕೂ ಮೊದಲೇ ‘ಧರ್ಮಶ್ರೀ’ಯಲ್ಲಿ ಮತಾಂತರವನ್ನು ಅಸ್ಮಿತೆಯ ಬಿಕ್ಕಟ್ಟಾಗಿ ಎತ್ತಿಕೊಂಡಿದ್ದರು. ಅಲ್ಲಿ ವಾದ ಬಿರುಸಾಗಿದೆ, ಹೊಲೆಗೇರಿಯ ಹಸಿವು ತುಸು ದೂರವಾಗಿದೆ.

ಆದರೆ ಮೇಕವಾನ್, ಕಾರಂತ ಇಬ್ಬರ ದಾರಿಗೂ ಒಂದು ನಷ್ಟವುಂಟು. ಪಾದ್ರಿಯನ್ನು ಬದಿಗೆ ಸರಿಸುವಾಗ ಮಿಶನ್ನಿನ ಹೆಂಗಸರೂ ಸರಿದುಹೋದರು. 1870ರಲ್ಲಿ ಮಂಗಳೂರಿಗೆ ಬಂದು ಸಂತ ಆ್ಯನ್ಸ್ ಕಾನ್ವೆಂಟ್ ಕಟ್ಟಿದ ಅಪೊಸ್ತಲಿಕ್ ಕಾರ್ಮೆಲ್ ಸನ್ಯಾಸಿನಿಯರು, 1921ರಲ್ಲಿ ಸಂತ ಆಗ್ನೆಸ್ ಕಾಲೇಜು ತೆರೆದವರು ಕನ್ನಡ ಕಾದಂಬರಿಯ ಮುಖ್ಯಧಾರೆಗೆ ನಾಯಕಿಯರಾಗಿ ಬರಲಿಲ್ಲ. ಗುಜರಾತಿನಲ್ಲಿ ಮನೆಮನೆಗೆ ಹೋಗಿ ಓದಿಹೇಳುತ್ತಿದ್ದ ಸ್ಥಳೀಯ ಬೈಬಲ್ ಹೆಂಗಸರು, ಕ್ಷಾಮದ ಅನಾಥೆಯರಾಗಿ ಬೆಳೆದು ನರ್ಸುಗಳೂ ಟೀಚರುಗಳೂ ಆದವರು ಮಿಶನ್ ವರದಿಗಳ ಸಾಲುಗಳಲ್ಲೇ ಉಳಿದರು. ‘ಆಂಗಳಿಯಾತ್’ನ ಮೇಠೀ, ಕಂಕು ಗಟ್ಟಿಗಿತ್ತಿಯರು, ಆದರೆ ಅವರ ಕೇರಿಯಿಂದಲೇ ಮಠಕ್ಕೆ ಹೋದ ಹುಡುಗಿ ಪಾತ್ರವಾಗಲಿಲ್ಲ. ಗಾಡನ್‌ರ ಸನ್ಯಾಸಿನಿಗೆ ಬೆಟ್ಟ ಇಳಿದು ಹೋಗಲು ಇನ್ನೊಂದು ಊರಿತ್ತು. ಈ ಹುಡುಗಿಗೆ ಇರಲಿಲ್ಲ. ಅವಳನ್ನು ಬರೆಯುವವರು ಪ್ರಾರ್ಥನೆಯ ಕೋಣೆಗೆ ಹೋಗುವ ಮೊದಲು ಅವಳ ತಿಂಗಳ ಸಂಬಳವೆಷ್ಟು, ಪಂಕ್ತಿಯಲ್ಲಿ ಅವಳು ಕೂರುವುದೆಲ್ಲಿ, ರಜೆಗೆ ಊರಿಗೆ ಬಂದಾಗ ಅವಳಿಗೆ ನೀರು ಸೇದಲು ಬಿಡುವ ಬಾವಿ ಯಾವುದು ಎಂದು ವಿಚಾರಿಸಬೇಕಾಗುತ್ತದೆ.