ತವರಿನ ಹಾಡೂ ಸೂಟಿಯ ನಿಬಂಧವೂ

ಬೇಸಿಗೆಯ ಸೂಟಿಯಲ್ಲಿ ಊರಿಗೆ ಹೋಗಿ ಬಂದುದನ್ನು ಕುರಿತು ನಿಬಂಧ ಬರೆಯದ ಕನ್ನಡ ವಿದ್ಯಾರ್ಥಿ ಇರಲಾರನು. ಜೂನ್ ತಿಂಗಳಲ್ಲಿ ಶಾಲೆ ತೆರೆದ ಮೇಲೆ ಗುರುಗಳು ಹಲಗೆಯ ಮೇಲೆ ಬರೆಯುವ ಮೊದಲ ವಿಷಯಗಳಲ್ಲಿ ಇದೂ ಒಂದು. ಬರುವ ನಿಬಂಧಗಳೂ ಬಹುಮಟ್ಟಿಗೆ ಒಂದೇ ಬಗೆಯವು. ಮೊದಲು ಬಸ್ಸಿನ ಪ್ರಯಾಣ. ತರುವಾಯ ಅಜ್ಜಿಯ ಅಕ್ಕರೆ, ಮಾವಿನ ಹಣ್ಣು, ಎತ್ತಿನ ಗಾಡಿ, ಬಾವಿಯಲ್ಲಿ ಈಜು. ಕಡೆಗೆ ತನಗೆ ಬಹಳ ಆನಂದವಾಯಿತೆಂಬ ಮುದ್ರೆ. ನಮ್ಮ ಜತ್ತ ತಾಲೂಕಿನಂಥ ಬರದ ಸೀಮೆಯಲ್ಲಿ ಮೇ ತಿಂಗಳಿನ ಬಾವಿ ಹೇಗಿರುತ್ತದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಆದರೂ ನಿಬಂಧದಲ್ಲಿ ಬಾವಿ ತುಂಬಿಯೇ ಇರುತ್ತದೆ.

ಮಕ್ಕಳು ಕಂಡದ್ದನ್ನು ಬಿಟ್ಟು ಓದಿದ್ದನ್ನು ಬರೆಯುತ್ತಾರೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಹಾಗಾದರೆ ಊರಿಗೆ ಮರಳುವುದನ್ನು ನಮ್ಮ ಸಾಹಿತ್ಯವು ಹೇಗೆ ಚಿತ್ರಿಸಿದೆ? ಅದರಲ್ಲಿ ಮಕ್ಕಳ ಮುಂದೆ ಇಡತಕ್ಕ ಮಾದರಿ ಯಾವುದು? ಈ ಎರಡು ಪ್ರಶ್ನೆಗಳನ್ನು ಇಲ್ಲಿ ವಿಚಾರ ಮಾಡೋಣ.

ಬೇಸಿಗೆಯಲ್ಲಿ ಊರಿಗೆ ಹೋಗುವ ವಾಡಿಕೆ ಹಳೆಯದಲ್ಲವೆಂಬುದನ್ನು ಮೊದಲಿಗೆ ನೆನೆಯಬೇಕು. ಅದು ಶಾಲೆ ಕಚೇರಿಗಳು ತಂದ ಪಂಚಾಂಗ. ನಮ್ಮ ಉತ್ತರ ಭಾಗದ ಹಳ್ಳಿಗಳಲ್ಲಿ ಊರಿಗೆ ಮರಳುವ ಕಾಲವೆಂದರೆ ಶ್ರಾವಣದ ನಾಗರ ಪಂಚಮಿ. ಮರಳುವವಳು ಕೊಟ್ಟ ಮನೆಯ ಹೆಣ್ಣುಮಗಳು. ಅವಳನ್ನು ಕರೆಯಲು ಬರತಕ್ಕವನು ಅಣ್ಣ. ಅಣ್ಣನ ದಾರಿ ನೋಡುವುದು, ಜೋಕಾಲಿಯ ನೆನಪು, ಉಂಡಿಯ ರುಚಿ, ಅತ್ತೆಯ ಅಪ್ಪಣೆ ಸಿಕ್ಕೀತೋ ಇಲ್ಲವೋ ಎಂಬ ಅಳುಕು, ಇವೆಲ್ಲ ಬೀಸುಕಲ್ಲಿನ ಮುಂದೆ ಹಾಡಾದವು. ಹೀಗೆ ಊರಿಗೆ ಮರಳುವ ಸಾಹಿತ್ಯವನ್ನು ಕನ್ನಡದಲ್ಲಿ ವಿಪುಲವಾಗಿ ರಚಿಸಿದವರು ಅಕ್ಷರ ಬಾರದ ಗರತಿಯರು.

ಈ ಹಾಡುಗಳು ಅಚ್ಚಿಗೆ ಬಂದುದು ನಮ್ಮ ನೆರೆಯ ಹಳ್ಳಿಯಿಂದಲೇ. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರಾದ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು ಕೂಡಿಸಿದ ‘ಗರತಿಯ ಹಾಡು’ 1931ರಲ್ಲಿ ಪ್ರಕಟವಾಯಿತು. ಮುಂದೆ 1933ರಲ್ಲಿ ‘ಜೀವನ ಸಂಗೀತ’, 1935ರಲ್ಲಿ ಕಾಪಸೆ ರೇವಪ್ಪನವರ ‘ಮಲ್ಲಿಗೆ ದಂಡೆ’ ಹೊರಬಂದವು. ಸಿಂಪಿ ಲಿಂಗಣ್ಣನವರು ಪ್ರಾಥಮಿಕ ಶಾಲೆಯ ಶಿಕ್ಷಕರಾಗಿದ್ದರೆಂಬುದು ನಮ್ಮಂಥವರು ಅಭಿಮಾನಪಡತಕ್ಕ ಸಂಗತಿ. ಉಮದಿಯ ಕಡೆಯವರಿಗೆ ಹಲಸಂಗಿ ದೂರದ ಊರಲ್ಲ. ಆ ಹಾಡಿನ ಮಾತು ನಮ್ಮ ಮನೆಯ ಮಾತೇ.

ತವರಿನ ಹಾಡನ್ನು ತವರಿನ ಹೊಗಳಿಕೆಯೆಂದು ತಿಳಿಯುವುದು ವಾಡಿಕೆಯಾಗಿದೆ. ಅದು ಅರ್ಧ ಸತ್ಯ. ಹೊಗಳಿಕೆಯ ಹಾಡುಗಳು ಇವೆ. ಅತ್ತೆಯ ಎದುರಿಗೆ ತವರಿನ ಮಾನ ಕಾಯುವ ಹಾಡುಗಳೂ ಇವೆ. ಆದರೆ ಈ ರಾಶಿಯಲ್ಲಿ ಅತ್ಯಂತ ಬೆಲೆಯುಳ್ಳವು ತವರನ್ನು ತೂಗಿ ನೋಡುವ ಹಾಡುಗಳು. ತಾಯಿ ಇದ್ದಾಗ ಈ ಮನೆ ಹೇಗಿತ್ತು, ತಾಯಿ ಹೋದ ಮೇಲೆ ಹೇಗಾಯಿತು? ಅಣ್ಣನು ಮೊದಲಿನ ಅಣ್ಣನೋ, ಅತ್ತಿಗೆಯ ಗಂಡನೋ? ಬಾಗಿಲಲ್ಲಿ ನಿಂತವಳಿಗೆ ಒಳಗಿನಿಂದ ಬಂದ ಮಾತಿನಲ್ಲಿ ಎಷ್ಟು ಅಕ್ಕರೆ, ಎಷ್ಟು ಉಪಚಾರ? ಮಗಳು ಇದೆಲ್ಲವನ್ನೂ ಲಕ್ಷ್ಯಗೊಟ್ಟು ನೋಡುತ್ತಾಳೆ. ನೋಡಿದ ಮೇಲೂ ಆ ಮನೆ ತಣ್ಣಗಿರಲೆಂದು ಹರಸುತ್ತಾಳೆ. ಕುಂದನ್ನು ಕಂಡಿದ್ದರಿಂದ ಹರಕೆ ಸುಳ್ಳಾಗುವುದಿಲ್ಲ. ಕುಂದನ್ನು ಕಂಡೂ ಹರಸಿದ್ದರಿಂದಲೇ ಅದಕ್ಕೆ ತೂಕ ಬರುತ್ತದೆ.

ಇನ್ನು ರಚನೆಯ ಮಾತು. ತ್ರಿಪದಿಗೆ ಇರುವವು ಮೂರೇ ಸಾಲು. ಅದರಲ್ಲಿ ಯಾದಿ ಮಾಡಲು ಎಡೆಯಿಲ್ಲ. ಹಾಡುವವಳು ಒಂದು ವಸ್ತುವನ್ನೋ ಒಂದು ಮಾತನ್ನೋ ಆರಿಸಿಕೊಳ್ಳಲೇಬೇಕು. ತನಗೆ ದುಃಖವಾಯಿತೆಂದು ಬಾಯಿಬಿಟ್ಟು ಹೇಳುವುದಕ್ಕೆ ಜಾಗ ಸಾಲದಾದ್ದರಿಂದ ಆ ವಸ್ತುವೇ ದುಃಖವನ್ನು ಹೊರುತ್ತದೆ. ನಮ್ಮ ಮಕ್ಕಳ ನಿಬಂಧಕ್ಕೆ ಎರಡು ಪುಟಗಳ ಅವಕಾಶವಿದ್ದೂ ಈ ಆಯ್ಕೆಯ ಶಿಸ್ತು ಇಲ್ಲ. ಅಲ್ಲಿ ಹತ್ತು ವಸ್ತುಗಳಿದ್ದು ಒಂದೂ ಅಜ್ಜಿಯ ಮನೆಯದಾಗಿರುವುದಿಲ್ಲ. ಯಾವ ಅಜ್ಜಿಯ ಮನೆಗಾದರೂ ಸಲ್ಲುವಂಥವಾಗಿರುತ್ತವೆ.

ಶಿಷ್ಟ ಕವಿಗಳಲ್ಲಿ ಊರಿನ ಹಂಬಲವಿಲ್ಲವೆಂದಲ್ಲ. ವೇಮುಲವಾಡದ ಅರಿಕೇಸರಿಯ ಆಸ್ಥಾನದಲ್ಲಿದ್ದ ಪಂಪನು 941ರ ‘ವಿಕ್ರಮಾರ್ಜುನ ವಿಜಯ’ದಲ್ಲಿ ಬನವಾಸಿಯ ಮೇಲಣ ಹಂಬಲವನ್ನು ಅರ್ಜುನನ ಬಾಯಲ್ಲಿ ಇರಿಸಿದನು. ಅದು ಕನ್ನಡಿಗರೆಲ್ಲರ ಬಾಯಲ್ಲಿ ನಿಂತ ಮಾತಾಗಿದೆ. ಆದರೆ ಪಂಪನ ಬನವಾಸಿ ನೆನಪಿನ ನಾಡು. ಅಲ್ಲಿ ತೆಂಗಾಳಿ ಎಂದೆಂದಿಗೂ ಬೀಸುತ್ತಿರುತ್ತದೆ. ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ (1933) ಮೈಸೂರಿಗೆ ಓದಲು ಬಂದವರೊಬ್ಬರು ತಾವು ಬೆಳೆದ ಕಾಡನ್ನು ನೆನೆದು ಬರೆದ ರಮ್ಯವಾದ ಪುಸ್ತಕ. ಅದರ ಹಾಸ್ಯವೂ ವರ್ಣನೆಯೂ ಮಕ್ಕಳಿಗೆ ತಕ್ಕವೇ. ಆದರೂ ಅದನ್ನು ಓದಿದ ನಮ್ಮ ಬಯಲು ಸೀಮೆಯ ಬಾಲಕನು ಅದರ ಕಣ್ಣನ್ನು ಬಿಟ್ಟು ಕಾಡನ್ನು ಮಾತ್ರ ತೆಗೆದುಕೊಂಡರೆ, ತನ್ನ ನಿಬಂಧದಲ್ಲಿ ಇಲ್ಲದ ಹಸುರನ್ನು ಬೆಳೆಸುತ್ತಾನೆ. ಇದು ಗ್ರಂಥದ ದೋಷವಲ್ಲ, ಓದಿನ ದೋಷ.

1942ರ ‘ಮೈಸೂರು ಮಲ್ಲಿಗೆ’ಯಲ್ಲಿ ಕೆ. ಎಸ್. ನರಸಿಂಹಸ್ವಾಮಿಯವರು ತವರಿಗೆ ಹೋದ ಹೆಂಡತಿಯಿಂದ ಗಂಡನಿಗೆ ಕಾಗದ ಬರೆಯಿಸಿದರು. ತವರಿನಲ್ಲಿದ್ದೂ ಅವಳ ಮನಸ್ಸು ಇನ್ನೊಂದು ಮನೆಯ ಕಡೆಗೆ ಇದೆ. ಊರಿಗೆ ಮರಳಿದವರಿಗೆ ಎರಡು ಮನೆಗಳಿರುತ್ತವೆ, ಒಂದರಲ್ಲಿ ನಿಂತಾಗ ಇನ್ನೊಂದು ಕರೆಯುತ್ತದೆ ಎಂಬ ಸತ್ಯ ಅಲ್ಲಿ ಸಹಜವಾಗಿ ಮೂಡಿದೆ. ಆದರೆ ಆ ತವರು ಸುಖದ ತವರು. ಅಲ್ಲಿ ತೂಗಿ ನೋಡುವ ಪ್ರಸಂಗ ಬರುವುದಿಲ್ಲ.

ಆ ಪ್ರಸಂಗವನ್ನು ಗದ್ಯದಲ್ಲಿ ಧೈರ್ಯದಿಂದ ಎದುರಿಸಿದ ಕೃತಿ ಯು. ಆರ್. ಅನಂತಮೂರ್ತಿಯವರ ‘ಸೂರ್ಯನ ಕುದುರೆ’ ಎಂಬ ಕಥೆ. ಓದಿ ದೊಡ್ಡವನಾದ ಅನಂತನು ಊರಿಗೆ ಬಂದು ಬಾಲ್ಯದ ಗೆಳೆಯ ಹಡೆ ವೆಂಕಟನನ್ನು ಕಾಣುತ್ತಾನೆ. ವೆಂಕಟ ಬಡವ, ಲೋಕದ ಕಣ್ಣಿಗೆ ಪ್ರಯೋಜನಕ್ಕೆ ಬಾರದವ, ಆದರೆ ಎಣ್ಣೆ ತಿಕ್ಕಿ ಎರೆಯುವುದರಲ್ಲಿ ಅವನ ಕೈಗೆ ಸಾಟಿಯಿಲ್ಲ. ಬಂದವನು ಊರನ್ನು ಅಳೆಯಲು ತೊಡಗುತ್ತಾನೆ. ಅಳೆಯುತ್ತ ಅಳೆಯುತ್ತ ತನ್ನ ಅಳತೆಗೋಲನ್ನೇ ಸಂಶಯಿಸುವಂತಾಗುತ್ತದೆ. ಗರತಿಯ ಹಾಡಿಗೂ ಈ ಕಥೆಗೂ ಒಂದು ಭೇದವಿದೆ. ಹಾಡಿನ ಮಗಳಿಗೆ ತವರಿನಲ್ಲಿ ತನ್ನ ಪಾಲು ಎಷ್ಟು ಉಳಿದಿದೆ ಎಂಬ ಚಿಂತೆ. ಕಥೆಯ ಅನಂತನಿಗೆ ಊರು ತನ್ನಲ್ಲಿ ಎಷ್ಟು ಉಳಿದಿದೆ ಎಂಬ ಚಿಂತೆ. ಎರಡೂ ನಿಜವಾದ ಪ್ರಶ್ನೆಗಳೇ. ಆದರೆ ಕಥೆಯನ್ನು ಅರಿಯಲು ವಯಸ್ಸು ಬೇಕು. ಹಾಡನ್ನು ನಾಲ್ಕನೆಯ ಇಯತ್ತೆಯ ಮಗುವೂ ಅರಿಯುತ್ತದೆ. ಆದಕಾರಣ ಶಾಲೆಗೆ ಹಾಡೇ ಮೊದಲ ಮಾದರಿಯಾಗಬೇಕೆಂದು ನಮ್ಮ ಅಭಿಪ್ರಾಯ.

ನಮ್ಮ ಗಡಿಯ ಸೀಮೆಗೆ ಈ ಮಾತು ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. 1948ರಲ್ಲಿ ಜತ್ತ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರಲ್ಲಿ ವಿಜಯಪುರ, ಬೆಳಗಾವಿ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ಜತ್ತವು ಈಚೆಗೇ ಉಳಿದು 1960ರಲ್ಲಿ ಮಹಾರಾಷ್ಟ್ರದ ಭಾಗವಾಯಿತು. ಆದರೆ ಹೆಣ್ಣು ಕೊಟ್ಟು ತರುವ ನಂಟಸ್ತಿಕೆ ಗಡಿಯನ್ನು ಕೇಳಲಿಲ್ಲ. ಇಂಡಿ, ಚಡಚಣ, ಅಥಣಿಗಳ ಹೆಣ್ಣುಮಕ್ಕಳು ಇಲ್ಲಿಯ ಸೊಸೆಯರಾದರು; ಸಂಖ, ಉಮದಿಗಳ ಹೆಣ್ಣುಮಕ್ಕಳು ಅಲ್ಲಿಗೆ ಹೋದರು. ತವರು ಒಂದು ರಾಜ್ಯ, ಕೊಟ್ಟ ಮನೆ ಇನ್ನೊಂದು ರಾಜ್ಯವಾಯಿತು. ಗುಡ್ಡಾಪುರದ ದಾನಮ್ಮ ತಾಯಿಯ ತವರು ಉಮರಾಣಿಯೆಂದು ಭಕ್ತರು ನಂಬುತ್ತಾರೆ. ದೇವಿಗೂ ತವರನ್ನು ಮರೆಯದ ಸೀಮೆ ನಮ್ಮದು.

ಈಗ ಊರು ಬಿಟ್ಟವರು ಹೆಣ್ಣುಮಕ್ಕಳಷ್ಟೇ ಅಲ್ಲ. ನೌಕರಿಗೆಂದು ಸಾಂಗಲಿ, ಪುಣೆ, ಮುಂಬಯಿ ಸೇರಿದವರ ಮಕ್ಕಳು ಸೂಟಿಗೆ ಬರುತ್ತಾರೆ. ಅಜ್ಜಿ ಕನ್ನಡದಲ್ಲಿ ಕೇಳುತ್ತಾಳೆ, ಮೊಮ್ಮಗ ಮರಾಠಿಯಲ್ಲಿ ಉತ್ತರ ಕೊಡುತ್ತಾನೆ. ಮರಾಠಿ ನಮಗೆ ನೆರೆಯ ಭಾಷೆ, ಅನ್ನದ ಭಾಷೆ. ಅದರ ಮೇಲೆ ಮುನಿಸಿಲ್ಲ. ಆದರೆ ಅಜ್ಜಿಯ ಒಂದು ಮಾತು ಮೊಮ್ಮಗನಿಗೆ ತಿಳಿಯದೆ, ಮಗನು ನಡುವೆ ನಿಂತು ಅರ್ಥ ಹೇಳಬೇಕಾದಾಗ, ಆ ಮನೆಯಲ್ಲಿ ಏನು ಕಡಿಮೆಯಾಯಿತೆಂಬುದನ್ನು ಬರೆದವರು ಯಾರು? ಇದು ಇಂದಿನ ತ್ರಿಪದಿಗೆ ತಕ್ಕ ವಸ್ತು.

ಇನ್ನೊಂದು ಬಗೆಯ ಮರಳುವಿಕೆಯೂ ಇದೆ. ನಮ್ಮ ತಾಲೂಕಿನ ಅನೇಕ ಕುಟುಂಬಗಳು ಮುಕಾದಮನಿಂದ ಮುಂಗಡ ಹಣ ಪಡೆದು, ದೀಪಾವಳಿಯ ಸುಮಾರಿಗೆ ಕೃಷ್ಣೆ ವಾರಣೆಯರ ತೀರದ ಕಡೆಗೆ ಕಬ್ಬು ಕಡಿಯಲು ಹೋಗುತ್ತವೆ. ಸಕ್ಕರೆ ಕಾರಖಾನೆಗಳ ಹಂಗಾಮು ಮುಗಿದು, ಬೇಸಿಗೆ ಬಲಿಯುವಾಗ ಹಿಂದಿರುಗುತ್ತವೆ. ಕೆಲವು ಮಕ್ಕಳು ತಾಯಿತಂದೆಗಳ ಕೂಡ ಹೋಗಿ ಅರ್ಧ ವರುಷದ ಪಾಠ ಕಳೆದುಕೊಳ್ಳುತ್ತಾರೆ. ಕೆಲವರು ಅಜ್ಜಿಯ ಹತ್ತಿರ ಉಳಿಯುತ್ತಾರೆ. ಹೀಗೆ ಉಳಿದ ಮಗುವಿಗೆ ಬೇಸಿಗೆಯೆಂದರೆ ತಾನು ಊರಿಗೆ ಹೋಗುವ ಕಾಲವಲ್ಲ. ಅವ್ವ ಅಪ್ಪ ಊರಿಗೆ ಬರುವ ಕಾಲ. ಅದಕ್ಕೆ ಮಾವಿನ ತೋಪಿನ ನಿಬಂಧ ಏನು ಹೇಳೀತು? ಅಣ್ಣನ ದಾರಿ ನೋಡುವ ಪಂಚಮಿಯ ಹಾಡು ಅದರ ಎದೆಗೆ ನೇರವಾಗಿ ತಟ್ಟುತ್ತದೆ. ದಾರಿ ಕಾಯುವುದೆಂದರೇನೆಂದು ಆ ಮಗುವಿಗೆ ಅರ್ಥ ಹೇಳಬೇಕಾಗುವುದಿಲ್ಲ.

ಎಳೆಯ ಮಕ್ಕಳಿಂದ ದುಃಖವನ್ನು ಬರೆಯಿಸಬೇಕೇ ಎಂದು ಕೆಲವರು ಆಕ್ಷೇಪಿಸಬಹುದು. ನಾವು ಕೇಳುತ್ತಿರುವುದು ದುಃಖವನ್ನಲ್ಲ, ನಿಜವನ್ನು. ಬಾವಿ ಬತ್ತಿದ್ದರೆ ಬತ್ತಿತ್ತೆಂದು ಬರೆಯಲಿ. ಕೊಡ ತುಂಬಲು ಎಷ್ಟು ಹೊತ್ತು ನಿಂತೆವೆಂದು ಬರೆಯಲಿ. ಅವ್ವನ ಅಂಗೈ ಕಬ್ಬಿನ ರವುದಿಯಿಂದ ಗೀರಿದ್ದನ್ನು ಕಂಡಿದ್ದರೆ ಅದನ್ನೇ ಬರೆಯಲಿ. ಅಂದು ಮನೆಯಲ್ಲಿ ನಗೆಯಿದ್ದರೆ ನಗೆಯನ್ನೂ ಬರೆಯಲಿ.

ಆದ್ದರಿಂದ ಗುರುಬಂಧುಗಳಲ್ಲಿ ನಮ್ಮ ಬಿನ್ನಹ ಇಷ್ಟು. ಬರುವ ಜೂನಿನಲ್ಲಿ ಈ ವಿಷಯವನ್ನು ಕೊಡುವ ಮುನ್ನ ತವರಿನ ನಾಲ್ಕು ತ್ರಿಪದಿಗಳನ್ನು ತರಗತಿಯಲ್ಲಿ ಹಾಡಿಸಿರಿ. ಮನೆಯಲ್ಲಿ ಅಜ್ಜಿಯರನ್ನು ಕೇಳಿ ಇನ್ನೆರಡನ್ನು ಬರೆದು ತರಲು ಹೇಳಿರಿ. ಆಮೇಲೆ ವಿಷಯವನ್ನು ಹೀಗೆ ಬರೆಯಿರಿ: ‘ಊರಿಗೆ ಹೋದಾಗ, ಅಥವಾ ಊರಿಗೆ ಯಾರಾದರೂ ಬಂದಾಗ, ನಾನು ಕಂಡ ಒಂದು ವಸ್ತು.’ ವಿದ್ಯಾರ್ಥಿಗಳೇ, ಎರಡು ಪುಟ ಬೇಡ. ಹತ್ತು ಸಾಲು ಸಾಕು. ಆ ಹತ್ತು ಸಾಲು ನಿಮ್ಮ ಮನೆಯವೇ ಆಗಿರಲಿ.